ಎರಡು ಟಿಕೆಟಿನ ಸಂದು

ಕಳೆದ ತಿಂಗಳು ಒಬ್ಬರು ಹಳೆಯ ಬ್ಯಾಟರಿ ಚಾರ್ಜರ್ ಒಂದನ್ನು ದರ್ಬೆಯ ನನ್ನ ಅಂಗಡಿಗೆ ತಂದಿಟ್ಟು ಹೋದರು. ಒಳಗಿನ ಚೋಕ್, ಕೋರಿನ ಮೇಲೆ ತಾಮ್ರದ ತಂತಿ ಸುತ್ತಿದ ಸುರುಳಿ, ಕರಟಿ ಹೋಗಿತ್ತು. ಬಿಸಿ ಮಾಡಿ ವಾರ್ನಿಷ್ ಮೆತ್ತಗಾದ ಮೇಲೆ ಕಪ್ಪು ಕಲ್ಲಿನಂಥ ಆ ಕೋರಿನ ಎರಡು ತುಂಡುಗಳನ್ನು ನಿಧಾನ ಬಿಡಿಸಿದೆ. ನಡುವಿನಿಂದ ಉಗುರಿನಷ್ಟಗಲದ ಕಾಗದದ ಚೂರು ಮೇಜಿನ ಮೇಲೆ ಬಿತ್ತು. ಹಳೆಯ ಬಸ್ ಟಿಕೆಟು. ಅದರ ಕೆಳಗೆ ಅಷ್ಟೇ ಅಗಲದ ಇನ್ನೊಂದು. ಹಳದಿ ತಿರುಗಿದ್ದರೂ ಕತ್ತರಿಸಿದ ಅಂಚು ನೇರವಾಗಿಯೇ ಇತ್ತು. ನಾನೇ ಕತ್ತರಿಸಿದ್ದು, ನಾನೇ ಸುತ್ತಿದ ಚೋಕು. ಇಪ್ಪತ್ತು ವರ್ಷದ ಹಿಂದಿನದ್ದಿರಬೇಕು...

ಆ ದಿನ ಮತ್ತೆ ಕೆಲಸ ಮಾಡಲಿಕ್ಕೆ ಆಗಲಿಲ್ಲ. ತಂಗಿಯ ನೆನಪು ಬಂದರೆ ಹಾಗೆಯೇ. ಅವಳು ತೀರಿಕೊಂಡು ಮೂರು ವರ್ಷವಾಯಿತು. ನಾನು ಅವಳಿಗೆ ಮಾಡಿದ್ದನ್ನು ಅವಳಿಗೆ ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ. ಬರೆದು ಅಭ್ಯಾಸ ಇಲ್ಲದವಳು, ಹೇಗೆ ಬಂತೋ ಹಾಗೆ ಬರೆಯುತ್ತೇನೆ.

ನಮ್ಮದು ಕಾಣಿಯೂರಿನ ಕಡೆ. ನಾನು ದೊಡ್ಡವಳು, ಅವಳು ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಏಳನೆಯ ಪಬ್ಲಿಕ್ ಪರೀಕ್ಷೆಯಲ್ಲಿ ನಾನು ಲೆಕ್ಕದಲ್ಲಿ ಫೇಲಾದೆ. ಮತ್ತೊಮ್ಮೆ ಕಟ್ಟಿದೆ, ಮತ್ತೊಮ್ಮೆ ಫೇಲು. ಅಲ್ಲಿಗೆ ಶಾಲೆ ಮುಗಿಯಿತು. ಆಮೇಲೆ ಪರಿಚಯದವರೊಬ್ಬರು ಪುತ್ತೂರಿನಲ್ಲಿ, ದರ್ಬೆಯ ಒಂದು ರಿಪೇರಿ ಅಂಗಡಿಗೆ ಕೆಲಸಕ್ಕೆ ಸೇರಿಸಿದರು. ಸ್ಟೆಬಿಲೈಸರ್, ಇನ್ವರ್ಟರ್, ಚಾರ್ಜರ್ ರಿಪೇರಿ ಮಾಡುವ ಅಂಗಡಿ. ಮೊದಲು ಗುಡಿಸುವ ಕೆಲಸ. ಒಂದು ವರ್ಷದ ಮೇಲೆ ಧಣಿಗಳು ನನ್ನನ್ನು ಕಾಯಿಲ್ ಸುತ್ತುವ ಮೆಷಿನಿನ ಎದುರು ಕೂರಿಸಿದರು. ನಾನು ತುಳುವಿನಲ್ಲಿ ಎಣಿಸುತ್ತಾ ಸುತ್ತುತ್ತಿದ್ದೆ. ತಾಮ್ರದ ತಂತಿ ಒಂದರ ಪಕ್ಕ ಒಂದು, ಸಂದಿಲ್ಲದ ಹಾಗೆ ಕೂರುತ್ತಿತ್ತು. "ಇವಳ ಕೈ ತಪ್ಪುದಿಲ್ಲ" ಎಂದು ಧಣಿಗಳು ಗಿರಾಕಿಗಳಿಗೆ ಹೇಳುತ್ತಿದ್ದರು. ಲೆಕ್ಕದಲ್ಲಿ ಎರಡು ಸಲ ಫೇಲಾದವಳಿಗೆ ಆ ಮಾತು ಎಂಥದ್ದು ಎಂದು ಬೇರೆಯವರಿಗೆ ಗೊತ್ತಾಗಲಿಕ್ಕಿಲ್ಲ.

ಈ ಕೆಲಸದಲ್ಲಿ ಒಂದು ಕ್ರಮ ಉಂಟು. ಚಾರ್ಜರಿನಂಥದ್ದಕ್ಕೆ ಚೋಕ್ ಮಾಡುವಾಗ ಕೋರಿನ ಎರಡು ತುಂಡುಗಳನ್ನು ಪೂರ್ತಿ ಮುಟ್ಟಿಸಬಾರದು. ನಡುವೆ ಸಣ್ಣ ಸಂದು ಬಿಡಬೇಕು. ಸಂದು ಇಲ್ಲದಿದ್ದರೆ ಸ್ವಲ್ಪ ಕರೆಂಟಿಗೇ ಕೋರು ತುಂಬಿಹೋಗುತ್ತದೆ. ತುಂಬಿದ ಮೇಲೆ ಅದು ಚೋಕೇ ಅಲ್ಲ, ಬರೀ ತಂತಿ. ಆ ಸಂದಿಗೆ ಧಣಿಗಳು ಬಸ್ ಟಿಕೆಟು ಬಳಸುತ್ತಿದ್ದರು. ಆಗಿನ ಟಿಕೆಟುಗಳೆಲ್ಲ ಒಂದೇ ದಪ್ಪ, ಅಳೆಯುವ ಕೆಲಸ ಇಲ್ಲ. ಸಣ್ಣ ಚೋಕಿಗೆ ಒಂದು ಟಿಕೆಟು, ದೊಡ್ಡದಕ್ಕೆ ಎರಡು, ಕೆಲವಕ್ಕೆ ಮೂರು. ಭಾನುವಾರ ಊರಿಗೆ ಹೋಗಿ ಬಂದರೆ ನಾನು ಟಿಕೆಟು ಬಿಸಾಡುತ್ತಿರಲಿಲ್ಲ. ಕಂಡಕ್ಟರ್ ಹತ್ತಿರ ಕಾಲ ಕೆಳಗೆ ಬಿದ್ದದ್ದನ್ನೂ ಕೇಳಿ ತರುತ್ತಿದ್ದೆ.

ತಂಗಿ ಪಿಯುಸಿ ಮುಗಿಸಿ ಸುಳ್ಯದಲ್ಲಿ ಇಂಜಿನಿಯರಿಂಗಿಗೆ ಸೇರಿದಾಗ ದರ್ಬೆಯ ನನ್ನ ಬಾಡಿಗೆ ರೂಮಿಗೆ ಬಂದಳು. ಬೆಳಿಗ್ಗೆ ಬಸ್ಸು ಹಿಡಿದು ಸುಳ್ಯಕ್ಕೆ ಹೋಗುವಳು, ಸಂಜೆ ಬರುವಳು. ಮೊದಲ ಎರಡು ವರ್ಷ ನನಗೆ ಹೆಮ್ಮೆಯೇ. ಅವಳ ಬುತ್ತಿ ಕಟ್ಟುವುದು, ಲಂಗ-ದಾವಣಿ ಬಿಟ್ಟು ಚೂಡಿದಾರ ಹಾಕಿಕೊಂಡಾಗ ಹೊಲಿಗೆ ಸರಿಮಾಡುವುದು, ಎಲ್ಲಾ ನಾನೇ. ಮೂರನೆಯ ವರ್ಷದಲ್ಲಿ ಅವಳು ಅಂಗಡಿಗೆ ಬರಲಿಕ್ಕೆ ಶುರುಮಾಡಿದಳು. ಅಲ್ಲಿಂದ ಎಲ್ಲ ಹಾಳಾಯಿತು. ಅವಳಿಂದ ಅಲ್ಲ. ನನ್ನಿಂದ.

ನಮ್ಮೂರ ಆಚೆ, ಕಡಬದ ಕಡೆ ಆಗ ಕರೆಂಟು ಹೇಗಿತ್ತೆಂದರೆ ಸಂಜೆಯಾದರೆ ಬಲ್ಬಿನ ತಂತಿ ಕೆಂಪಗೆ ಕಾಣುವಷ್ಟು ಮಾತ್ರ. ಬ್ಯಾಟರಿ ಚಾರ್ಜ್ ಆಗುತ್ತಿರಲಿಲ್ಲ. ತಂಗಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ಅದನ್ನೇ ಹಿಡಿದಳು. ಕರೆಂಟು ಎಷ್ಟೇ ಕುಗ್ಗಿದರೂ ಬ್ಯಾಟರಿಗೆ ಬೇಕಾದಷ್ಟೇ ವೋಲ್ಟೇಜ್ ಕೊಡುವ ಚಾರ್ಜರ್. ಅದು ಸರಿಯಾದರೆ ಮೇಲಿನ ಓದಿಗೆ ನಾನೇ ಬರೆದುಕೊಡುತ್ತೇನೆ ಎಂದು ಅವಳ ಲೆಕ್ಚರರ್ ಒಬ್ಬರು ಹೇಳಿದ್ದರು. ಅವಳಿಗೆ ಬೇಕಾದದ್ದು ಅದೊಂದೇ. ಇಂಥವುಗಳ ಲೆಕ್ಕವನ್ನೇ ಮುಂದೆ ಓದಬೇಕು ಎಂದು.

ಎಂಥ ಲೆಕ್ಕ ಎಂದು ನಾನೇ ಒಮ್ಮೆ ಕೇಳಿದ್ದೆ. ರೂಮಿನಲ್ಲಿ ಅವಳು ಒಗ್ಗರಣೆಗೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ನಮ್ಮ ಶಾಲೆದಾರಿಯ ತೂಗುಸೇತುವೆ ನೆನಪುಂಟಾ ಅಕ್ಕ? ಗಂಡುಮಕ್ಕಳು ಕುಲುಕಿಸ್ತಿದ್ದದ್ದು?"

"ನೀನು ಕೂಗ್ತಿದ್ದದ್ದೂ ನೆನಪುಂಟು."

"ಅದೇ. ಸೇತುವೆ ಎಡಕ್ಕೆ ಹೋದ್ರೆ ನಾವು ಬಲಕ್ಕೆ ವಾಲ್ತೇವೆ, ನಿಲ್ಲಿಸ್ಲಿಕ್ಕೆ. ಆದ್ರೆ ನಾವು ವಾಲುವಾಗ ಅದು ಬಲಕ್ಕೇ ಬಂದಿರ್ತದೆ. ಆಗ ನಾವು ನಿಲ್ಲಿಸುದಲ್ಲ, ದೂಡುದು. ಹೆದರಿ ಹೆಚ್ಚು ವಾಲಿದಷ್ಟೂ ಹೆಚ್ಚು ತೂಗ್ತದೆ."

ಚಾರ್ಜರಿನೊಳಗೂ ಹಾಗೆಯೇ ಅಂತೆ. ಒಳಗೊಂದು ಸ್ವಿಚ್ಚು ಕ್ಷಣಕ್ಕೆ ಸಾವಿರಾರು ಸಲ ಹಾಕಿ ತೆಗೆದು ಮಾಡುತ್ತಿರುತ್ತದೆ. ಅದರ ತುದಿಯಲ್ಲಿ ವೋಲ್ಟೇಜನ್ನು ನೋಡುತ್ತಾ ಕೂತ ಒಂದು ಸರ್ಕಿಟ್ಟು, ಕಮ್ಮಿಯಾದರೆ ಸ್ವಿಚ್ಚನ್ನು ಹೆಚ್ಚು ಹೊತ್ತು ಹಾಕು, ಜಾಸ್ತಿಯಾದರೆ ಬೇಗ ತೆಗೆ ಎಂದು ತಿರುಗಿ ಸುದ್ದಿ ಕಳಿಸುತ್ತಿರುತ್ತದೆ. ಆ ಸುದ್ದಿ ತಡವಾಗಿ ಬಂದರೆ ತಿದ್ದಲಿಕ್ಕೆ ಹೋಗಿ ಕೆಡಿಸುತ್ತದೆ. "ಇನ್ನು ಎಷ್ಟು ತಡವಾದ್ರೆ ಬೀಳ್ತದೆ, ಬೀಳುವ ಮೊದಲು ಎಷ್ಟು ಜಾಗ ಉಳಿದದೆ, ಅದಕ್ಕೆ ಲೆಕ್ಕ ಉಂಟು ಅಕ್ಕ. ಆ ಲೆಕ್ಕ ಎಷ್ಟು ಚೆಂದ ಗೊತ್ತುಂಟಾ!" ಎಂದಳು. ಬೆಳ್ಳುಳ್ಳಿ ಕೈಯಲ್ಲೇ ಉಳಿದಿತ್ತು, ಎಣ್ಣೆ ಹೊಗೆಯಾಡುತ್ತಿತ್ತು. ನಾನು ಬೈದೆ. ನನಗೆ ಅರ್ಥವಾಗಿತ್ತು. ಅರ್ಥವಾಗುವ ಹಾಗೆ ಅವಳು ಹೇಳಿದ್ದನ್ನೇ ನನಗೆ ಸಹಿಸಲಾಗಲಿಲ್ಲ ಎಂದು ಈಗ ಕಾಣುತ್ತದೆ. ನನಗೆ ಲೆಕ್ಕ ಕಲಿಸಿದವರು ಯಾರೂ ಹಾಗೆ ಹೇಳಿರಲಿಲ್ಲ...

ಶನಿವಾರ ಮಧ್ಯಾಹ್ನ ಅವಳು ಕಾಲೇಜಿನಿಂದ ನೇರ ಅಂಗಡಿಗೆ ಬರುತ್ತಿದ್ದಳು. ಧಣಿಗಳು ತಮ್ಮ ಮೇಜಿನ ಪಕ್ಕ ಅವಳಿಗೊಂದು ಸ್ಟೂಲು ಹಾಕಿಸಿದ್ದರು. ಅವರಲ್ಲಿ ಅಲೆಗಳನ್ನು ತೋರಿಸುವ ಹಳೆಯದೊಂದು ಪರದೆಯ ಮೆಷಿನ್ ಇತ್ತು, ಸ್ಕೋಪ್ ಎನ್ನುತ್ತಿದ್ದರು. ಅದರ ಧೂಳು ಒರೆಸುವುದು ನನ್ನ ಕೆಲಸ, ಅದರ ಗುಂಡಿ ಮುಟ್ಟುವ ಹಾಗಿಲ್ಲ. ತಂಗಿ ಬಂದ ಎರಡನೆಯ ಶನಿವಾರವೇ ಅದರ ಗುಂಡಿಗಳನ್ನು ತಿರುಗಿಸುತ್ತಿದ್ದಳು. "ಇಲ್ಲಿ ನೋಡಿ, ನೀವು ಹೇಳಿದ ಹಾಗೆಯೇ ಬಂತು" ಎಂದು ಧಣಿಗಳು ಅವಳಿಗೆ ಹೇಳುತ್ತಿದ್ದರು.

ನೀವು. ನನಗೆ ಅದು ಚುಚ್ಚಿತು. ಅಷ್ಟು ವರ್ಷ ಅದೇ ಅಂಗಡಿಯಲ್ಲಿ ಬೆನ್ನು ಬಗ್ಗಿಸಿದ ನಾನು "ನೀನು", "ಮಾರಾಯ್ತಿ". ನಾನು ಎತ್ತಿ ಆಡಿಸಿದ ಹುಡುಗಿ "ನೀವು". ಅವಳು ಬಂದರೆ ಎದುರಿನ ಹೋಟೆಲಿಗೆ ಚಹಾ ಹೇಳುತ್ತಿದ್ದರು. ತರಲಿಕ್ಕೆ ಹೋಗುವುದು ನಾನು. ಕಂಚಿನ ಬಣ್ಣದ ಆ ಚಹಾ ಹಿಡಿದುಕೊಂಡು ರಸ್ತೆ ದಾಟುವಾಗ ಅದು ನನ್ನ ಕೈಮೇಲೆ ತುಳುಕಿದರೂ ಬಿಸಿ ಗೊತ್ತಾಗುತ್ತಿರಲಿಲ್ಲ. ಅವರಿಬ್ಬರ ಬೆನ್ನು ಮಾತ್ರ ಕಾಣುತ್ತಿತ್ತು.

ಅವಳ ಚಾರ್ಜರಿಗೆ ಚೋಕ್ ಸುತ್ತಬೇಕಾದವಳು ನಾನೇ. ಮೊದಲು ಪರೀಕ್ಷೆಗೆಂದು ಒಂದು ಸುತ್ತಿ ಕೊಟ್ಟೆ. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ತಂಗಿ ಮೀಟರಿಗೆ ಹಚ್ಚಿ ನೋಡಿದಳು.

"ಅಕ್ಕ, ಇದರಲ್ಲಿ ಎರಡು ಮೂರು ಸುತ್ತು ಕಮ್ಮಿ ಉಂಟಾ ಅಂತ."

ಅವಳು ಮೆಲ್ಲಗೆಯೇ ಹೇಳಿದ್ದು. ಧಣಿಗಳು ಗಟ್ಟಿ ನಕ್ಕರು. "ಏಳನೆಯಲ್ಲಿ ಎರಡು ಸಲ ಲೆಕ್ಕಕ್ಕೆ ಕೂತವಳಲ್ವಾ ಮಾರಾಯ್ರೆ, ಎರಡು ಸುತ್ತು ಆಚೀಚೆ ಆಗ್ತದೆ, ನೀವು ಬಿಟ್ಟುಬಿಡಿ!" ಗಿರಾಕಿಗಳೂ ನಕ್ಕರು. ತಂಗಿ ನಗಲಿಲ್ಲ. ಅದನ್ನು ನಾನು ನೋಡಿದೆ. ಆದರೆ ನೋಡಿದ್ದನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಎರಡು ಸಲ ಫೇಲಾದದ್ದು ಧಣಿಗಳಿಗೆ ಗೊತ್ತೇ ಇರಲಿಲ್ಲ, ಒಂದೇ ಸಲ ಎಂದು ಹೇಳಿದ್ದೆ. ಅಂದರೆ ಇವಳೇ ಹೇಳಿದ್ದು. ಮಾತಿಗೆ ಮಾತು ಬಂದು ಹೇಳಿರಬಹುದು...

ಎರಡು ದಿನ ಬಿಟ್ಟು, ಅವಳು ಬರೆದುಕೊಟ್ಟ ಚೀಟಿ ನೋಡಿ ಹೊಸತು ಸುತ್ತಿದೆ. ನಲವತ್ತೆರಡು ಸುತ್ತು, ಎರಡು ತಂತಿ ಜೋಡಿಯಾಗಿ. ಮೂರು ಸಲ ಎಣಿಸಿದೆ. ಒಂದೂ ತಪ್ಪಲಿಲ್ಲ. ಚೀಟಿಯ ಕೆಳಗೆ ಅವಳ ಅಕ್ಷರದಲ್ಲಿ ಸಂದಿನ ಅಳತೆ ಇತ್ತು, ಅದರ ಪಕ್ಕ ಧಣಿಗಳ ಅಕ್ಷರದಲ್ಲಿ 'ಎರಡು ಟಿಕೆಟು'. ನಾನು ಟಿಕೆಟು ಕತ್ತರಿಸಿ ಇಟ್ಟುಕೊಂಡೆ. ಕೋರಿನ ತುಂಡುಗಳನ್ನು ಕೈಗೆ ತೆಗೆದುಕೊಂಡೆ.

ಟಿಕೆಟು ಹಾಕದೆ ಮುಚ್ಚಿದೆ.

ಮರೆತೆ ಎಂದು ಎಷ್ಟೋ ವರ್ಷ ನನಗೇ ಹೇಳಿಕೊಂಡೆ. ಮರೆಯಲಿಲ್ಲ. ಕತ್ತರಿಸಿದ ಚೂರುಗಳು ನನ್ನ ಕಣ್ಣೆದುರೇ ಇದ್ದವು. ಅವನ್ನು ಕಸದ ಜೊತೆ ಬಾಚಿದೆ. ಹಳದಿ ಟೇಪು ಬಿಗಿದು, ವಾರ್ನಿಷಿನಲ್ಲಿ ಅದ್ದಿ ಒಣಗಲಿಕ್ಕೆ ಇಟ್ಟೆ. ಒಮ್ಮೆ ಅದ್ದಿದ ಮೇಲೆ ಒಳಗೆ ಕಾಗದ ಉಂಟೋ ಇಲ್ಲವೋ ಹೊರಗಿನಿಂದ ಯಾರಿಗೂ ತಿಳಿಯದು. ಏನಾದೀತು ಎಂದು ನಾನು ಎಣಿಸಿದ್ದೆ? ಅಂಗಡಿಯಲ್ಲಿ ಹಚ್ಚಿ ನೋಡುವಾಗ ಕುಂಯ್‌ಗುಟ್ಟೀತು, ಇಬ್ಬರೂ ತಲೆ ಕೆರೆದುಕೊಂಡಾರು, ಒಂದು ಶನಿವಾರ ಆ ಸ್ಟೂಲಿನ ಮೇಲೆ ಅವಳು ಪೆದ್ದಿಯ ಹಾಗೆ ಕೂತಾಳು. ಅಷ್ಟೇ ಸಾಕಿತ್ತು ನನಗೆ. ಮೀಟರಿಗೆ ಹಚ್ಚಿದ ಕೂಡಲೇ ಗೊತ್ತಾಗುತ್ತದೆ ಎಂಬ ಧೈರ್ಯವೂ ಇತ್ತು.

ಆದರೆ ಶನಿವಾರ ಬಂದ ಅವಳು ಮೀಟರಿಗೆ ಹಚ್ಚಲಿಲ್ಲ.

ಮೀಟರ್ ಎದುರೇ ಇತ್ತು. ಅವಳು ಚೋಕನ್ನು ಅಂಗೈಯಲ್ಲಿ ಇಟ್ಟುಕೊಂಡು ನನ್ನ ಮುಖ ನೋಡಿದಳು. "ಈ ಸಲ ಅಳೆಯುದಿಲ್ಲ ಅಕ್ಕ. ನೀನು ಸುತ್ತಿದ್ದಲ್ವಾ, ಸಾಕು." ಮೊನ್ನೆಯದಕ್ಕೆ ಅವಳು ತಪ್ಪು ಕೇಳಿದ ರೀತಿ ಅದು. ಅಳೆ ಎಂದು ನಾನು ಹೇಳಬಹುದಿತ್ತು. ಒಂದು ಶಬ್ದ. ನಾನು ಮೆಷಿನಿಗೆ ಎಣ್ಣೆ ಬಿಡುತ್ತಾ ಕೂತೆ.

ಅಂಗಡಿಯಲ್ಲಿ ಕಾರಿನ ಹೆಡ್‌ಲೈಟಿನ ಒಂದು ಬಲ್ಬು ಉರಿಸಿ ನೋಡಿದರು. ಚೆನ್ನಾಗಿಯೇ ಉರಿಯಿತು. ಹೊತ್ತಾಗಿತ್ತು, ಅಂಗಡಿ ಮುಚ್ಚಬೇಕಿತ್ತು, ಹೆಚ್ಚು ಬಲ್ಬು ಹಾಕಿ ನೋಡಲಿಲ್ಲ. ಸೋಮವಾರ ಸುಳ್ಯದಲ್ಲಿ ಪರೀಕ್ಷೆಗೆ ಹೊರಗಿನಿಂದ ಒಬ್ಬರು ಬಂದಿದ್ದರು. ಮೊದಲ ಬಲ್ಬು ಹೊತ್ತಿತಂತೆ. ಎರಡನೆಯದಕ್ಕೆ ಚಾರ್ಜರ್ ಶಿಳ್ಳೆ ಹೊಡೆಯಿತಂತೆ. ಮೂರನೆಯದು ಹಾಕಿದಾಗ ಮೀಟರಿನ ಮುಳ್ಳು ಆಚೆ ಈಚೆ ಹೊಡೆದುಕೊಂಡು, ಟಪ್ ಎಂದು ಒಳಗಿನ ಸ್ವಿಚ್ಚು ಸಿಡಿಯಿತಂತೆ. ಬಂದವರು ಅವಳ ಪುಸ್ತಕದ ಪುಟಗಳನ್ನು ತಿರುಗಿಸಿ, "ಕಾಗದದ ಮೇಲೆ ತುಂಬಾ ಗಟ್ಟಿ ಉಂಟಲ್ಲಮ್ಮ ಇದು. ಲೆಕ್ಕದಲ್ಲಿ ಎಲ್ಲೋ ತಪ್ಪಿದ್ದೀ, ಹುಡುಕು" ಎಂದರಂತೆ. ಅವರದ್ದೇನೂ ತಪ್ಪಲ್ಲ. ನೋಡಿದವರು ಯಾರಾದರೂ ಹಾಗೆಯೇ ಹೇಳುತ್ತಿದ್ದರು.

ಅವಳಿಗೆ ಹದಿನೈದು ದಿನದ ಅವಕಾಶ ಕೊಟ್ಟರು. ಹದಿನೈದು ದಿನ ಅವಳು ತಪ್ಪು ಹುಡುಕಿದಳು. ಇಲ್ಲದ ತಪ್ಪು. ಹೊಸ ಸ್ವಿಚ್ಚು ಹಾಕಿದಳು, ಸಿಡಿಯಿತು. ಸುದ್ದಿ ಕಳಿಸುವ ಸರ್ಕಿಟ್ಟನ್ನು ನಿಧಾನ ಮಾಡಿದಳು, ಸಿಡಿಯಿತು. ಇನ್ನೂ ನಿಧಾನ ಮಾಡಿದಳು, ಮತ್ತೂ ಸಿಡಿಯಿತು. ನೆಲದ ಮೇಲೆ ಕಾಗದ ಹರಡಿ, ಗೆರೆ ಎಳೆದು, ಅಳಿಸಿ, ಮತ್ತೆ ಎಳೆದು... ಊಟ ಬಡಿಸಿ ಕರೆದರೆ ಬಂದು ಕೂತು ತುತ್ತು ಹಿಡಿದುಕೊಂಡೇ ಏನೋ ಲೆಕ್ಕ ಹಾಕುವಳು. ಮಾಡಿದ ಲೆಕ್ಕವೆಲ್ಲ ಸರಿಯೇ ಬರುತ್ತಿತ್ತು. ಸರಿ ಬಂದಷ್ಟೂ ಅವಳಿಗೆ ತನ್ನ ತಲೆಯ ಮೇಲೆಯೇ ನಂಬಿಕೆ ಹೋಗುತ್ತಿತ್ತು.

ಧಣಿಗಳು ಒಮ್ಮೆ, "ಕಾಯಿಲ್ ಒಂದು ಬೇರೆ ಸುತ್ತಿ ನೋಡುವನಾ?" ಎಂದರು. ನನಗೆ ಸುತ್ತಿನ ಎಣಿಕೆ ತಪ್ಪಿತು. ತಂಗಿ, "ಬೇಡ. ಅಕ್ಕನ ಕೈ ತಪ್ಪುದಿಲ್ಲ, ನೀವೇ ಹೇಳುದಲ್ವಾ?" ಎಂದಳು.

ಆ ಸಂಜೆ ರೂಮಿನಲ್ಲಿ ಅವಳೇ, ನನ್ನ ಕಡೆ ನೋಡದೆ, ಕೇಳಿದಳು. "ಅಕ್ಕ, ಬೇಜಾರು ಮಾಡ್ಬೇಡ. ಚೋಕಿನಲ್ಲಿ ಎಂತಾದ್ರೂ..."

ನಿಜ ಹೇಳಲಿಕ್ಕೆ ಬಾಗಿಲು ತೆರೆದೇ ಇತ್ತು. ಅವಳೇ ತೆರೆದು ಕೊಟ್ಟಿದ್ದಳು. ನಾನು ಕೈಯಲ್ಲಿದ್ದ ಸೌಟನ್ನು ನೆಲಕ್ಕೆ ಕುಕ್ಕಿದೆ. "ಆ ಗಿರಾಕಿಗಳ ಎದುರು ನಗಿಸಿದ್ದು ಸಾಕಾಗ್ಲಿಲ್ವಾ ನಿನಗೆ? ನಿನ್ನ ತಲೆ ಓಡದಿದ್ರೆ ನನ್ನ ಕೈಗೆ ದೂರು ಹಾಕ್ತಿಯಾ?"

ಅವಳು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ಇಲ್ಲ ಅಕ್ಕ, ತಪ್ಪಾಯ್ತು. ನನ್ನದು ತಪ್ಪಾಯ್ತು."

ಟಿಕೆಟು ಬಿಟ್ಟದ್ದಕ್ಕಿಂತ ದೊಡ್ಡ ಪಾಪ ಇದೇ ಎಂದು ನನಗೆ ಈಗಲೂ ಅನಿಸುತ್ತದೆ. ಅದು ಒಂದು ಕ್ಷಣದ ಹೊಟ್ಟೆಕಿಚ್ಚು. ಇದು ಹಾಗಲ್ಲ.

ಅವಳು ಆ ಚಾರ್ಜರನ್ನು ಬಿಟ್ಟಳು. ಪೇಟೆಯಲ್ಲಿ ಸಿಗುವ ಏನೋ ಒಂದನ್ನು ಜೋಡಿಸಿ ಕೊಟ್ಟು ಪಾಸಾದಳು. ಬರೆದುಕೊಡುತ್ತೇನೆ ಎಂದಿದ್ದ ಲೆಕ್ಚರರ ಹತ್ತಿರ ಅವಳು ಹೋಗಲೇ ಇಲ್ಲ. ಅವರೇ ಕರೆಸಿದರೂ ಹೋಗಲಿಲ್ಲ. ಆಮೇಲೆ ಕಡಬದ ಕಡೆ ಒಂದು ಶಾಲೆಯ ಆಫೀಸಿನಲ್ಲಿ ಕಾಗದಪತ್ರ ಟೈಪ್ ಮಾಡುವ ಕೆಲಸ ಹಿಡಿದಳು. ಅಲ್ಲಿಯೇ ಮದುವೆಯಾಯಿತು, ಒಂದು ಹೆಣ್ಣುಮಗು ಆಯಿತು.

ಇನ್ನೊಂದು ಹೇಳಬೇಕು, ಇದನ್ನು ಹೇಳದಿದ್ದರೆ ಬರೆದದ್ದೆಲ್ಲ ಸುಳ್ಳು. ಅವಳು ಹಾಗೆ ಚಿಕ್ಕವಳಾದ ಮೇಲೆ ನನಗೆ ಅವಳ ಮೇಲೆ ಪ್ರೀತಿ ಮರಳಿ ಬಂತು. ಅವಳು ಬಂದರೆ ಪತ್ರೊಡೆ ಮಾಡಿದೆ, ಬಾಣಂತನಕ್ಕೆ ಎರಡು ತಿಂಗಳು ರಜೆ ಹಾಕಿ ಹೋದೆ, ಮಗುವಿಗೆ ಎಣ್ಣೆ ತಿಕ್ಕಿದೆ. ಒಳ್ಳೆಯ ಅಕ್ಕ ಎಂದು ಎಲ್ಲರೂ ಹೇಳಿದರು. ಅವಳೂ ಹೇಳಿದಳು.

ಧಣಿಗಳು ತೀರಿಕೊಂಡ ಮೇಲೆ ಸುತ್ತುವ ಮೆಷಿನನ್ನು ಅವರ ಮನೆಯವರು ನನಗೇ ಕೊಟ್ಟರು, ಅಂಗಡಿಯ ಒಂದು ಮೂಲೆಯೂ ಸಿಕ್ಕಿತು. ಅಟ್ಟ ಖಾಲಿ ಮಾಡುವಾಗ ರಟ್ಟಿನ ಪೆಟ್ಟಿಗೆಯಲ್ಲಿ ಆ ಚಾರ್ಜರ್ ಕಂಡಿತು. ಅವಳ ಚೀಟಿಯೂ ಸರ್ಕಿಟ್ಟಿನ ಮೊದಲ ನಕ್ಷೆಯೂ ದಾರದಲ್ಲಿ ಕಟ್ಟಿಕೊಂಡೇ ಇದ್ದವು. ಒಂದು ಭಾನುವಾರ ಮಧ್ಯಾಹ್ನ ಶಟರ್ ಅರ್ಧ ಎಳೆದು ಕೂತು ಹೊಸ ಚೋಕ್ ಸುತ್ತಿದೆ. ನಲವತ್ತೆರಡು ಸುತ್ತು. ಎರಡು ಟಿಕೆಟು. ಹೊಸ ಸ್ವಿಚ್ಚು ಬೆಸೆದೆ. ಅವಳು ಆಮೇಲೆ ನಿಧಾನ ಮಾಡಲಿಕ್ಕೆ ಹಾಕಿದ್ದನ್ನೆಲ್ಲ ಕಿತ್ತು, ಮೊದಲಿನ ಲೆಕ್ಕದಲ್ಲಿ ಇದ್ದದ್ದನ್ನೇ ನಕ್ಷೆ ನೋಡಿ ಹಾಕಿದೆ. ಒಂದು ಬಲ್ಬು ಹಾಕಿದೆ, ಎರಡು ಹಾಕಿದೆ, ಮೂರು ಹಾಕಿದೆ. ನಾಲ್ಕನೆಯದನ್ನೂ ಹಾಕಿದೆ. ಕಡಬದ ಸಂಜೆಯಲ್ಲಿ ಇರುವಷ್ಟಕ್ಕೆ ಕರೆಂಟನ್ನು ಇಳಿಸಿದೆ. ಮೀಟರಿನ ಮುಳ್ಳು ಒಮ್ಮೆ ಮಿಸುಕಿ, ಇದ್ದಲ್ಲಿಗೇ ಬಂದು ನಿಂತಿತು. ಬಲ್ಬುಗಳನ್ನು ಫಕ್ಕನೆ ತೆಗೆದೆ, ಫಕ್ಕನೆ ಹಾಕಿದೆ. ಎಷ್ಟು ಸಲ ಮಾಡಿದರೂ ಒಂದೇ ಮಿಸುಕು, ಮತ್ತೆ ನಿಲುವು. ಸಂಜೆವರೆಗೆ ಉರಿಸಿದೆ. ಅವಳು ಚೆಂದ ಎಂದದ್ದು ಯಾವುದನ್ನು ಎಂದು ಆಗ ಕಂಡೆ.

ಅವಳ ಮನೆಗೆ ಫೋನ್ ಮಾಡಲಿಲ್ಲ. ಪೆಟ್ಟಿಗೆಗೆ ಹಾಕಿ ಕಟ್ಟಿಟ್ಟೆ.

ಮೂರು ವರ್ಷದ ಹಿಂದೆ ಅವಳ ಎರಡೂ ಕಿಡ್ನಿ ಕೆಟ್ಟವು. ಮಂಗಳೂರಿನ ಆಸ್ಪತ್ರೆಯಲ್ಲಿ ಹತ್ತು ದಿನ ನಾನೇ ಪಕ್ಕದಲ್ಲಿ ಇದ್ದೆ. ಪ್ರತಿದಿನ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಗಂಜಿ ಬೇಕಾ, ಕಾಲು ಒತ್ತಬೇಕಾ, ಮಗಳು ಫೋನ್ ಮಾಡಿದ್ದಳು... ಇಷ್ಟೇ ಬಾಯಿಗೆ ಬಂತು.

ಟಿಕೆಟಿನ ಚೂರು ಮೇಜಿನ ಮೇಲೆ ಬಿದ್ದ ವಾರವೇ ಅವಳ ಮಗಳು ಬಟ್ಟೆ ತೆಗೆಯಲಿಕ್ಕೆಂದು ಪುತ್ತೂರಿಗೆ ಬಂದವಳು ಅಂಗಡಿಗೆ ಬಂದಳು. ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕದಲ್ಲಿ ನೂರಕ್ಕೆ ತೊಂಬತ್ತಾರು. ಪಿಯುಸಿಗೆ ಎಂತ ತೆಗೆದುಕೊಳ್ಳುತ್ತಿ ಎಂದು ಕೇಳಿದೆ.

"ಆರ್ಟ್ಸ್ ದೊಡ್ಡಮ್ಮ. ಸೋಮವಾರ ಫಾರ್ಮ್ ಕೊಡ್ಲಿಕ್ಕುಂಟು."

"ಲೆಕ್ಕ ಇಷ್ಟು ಬಂದದೆ, ಮತ್ತೆ?"

"ಇಷ್ಟವೇ. ಆದ್ರೆ ಅಮ್ಮ ಹೇಳ್ತಿದ್ದಳು, ಲೆಕ್ಕ ಕಾಗದದಲ್ಲಿ ನಗ್ತದೆ, ಕೊನೆಗೆ ಕೈಕೊಡ್ತದೆ, ನಮ್ಮ ಮನೆಯವರಿಗೆ ಅದು ಆಗಿಬರುದಿಲ್ಲ ಅಂತ." ಅವಳು ನಗುತ್ತಲೇ ಹೇಳಿದಳು. "ನೀವೂ ಏಳನೆಯಲ್ಲಿ ಫೇಲ್ ಅಲ್ವಾ ದೊಡ್ಡಮ್ಮ!"

ನಾನು ಮೆಷಿನ್ ನಿಲ್ಲಿಸಿದೆ. ಇವಳು ನನಗೆ ಉಳಿದ ಒಂದೇ ಜೀವ. ಹೇಳಿದರೆ ಇವಳೂ ಹೋದಳು ಎಂದು ಗೊತ್ತಿತ್ತು. ಹೇಳಿದೆ. ಸ್ಟೂಲಿನಿಂದ ಸೌಟಿನವರೆಗೆ ಎಲ್ಲವನ್ನೂ, ಒಂದೂ ಬಿಡದೆ. ಅವಳ ಎದುರಿಗಿಟ್ಟ ಚಹಾದ ಮೇಲೆ ಕೆನೆ ಕಟ್ಟಿತು.

"ಅಂದ್ರೆ ಅಮ್ಮನ ಲೆಕ್ಕ ಸರಿ ಇತ್ತಾ?"

"ಸರಿ ಇತ್ತು ಮಗಾ."

"ನಿಮಗೆ ಹೇಗೆ ಗೊತ್ತು?"

ಆ ಭಾನುವಾರದ ವಿಷಯ ಹೇಳಿದೆ. ನಾಲ್ಕು ಬಲ್ಬು ಉರಿದದ್ದು, ಮುಳ್ಳು ನಿಂತದ್ದು.

"ಅದು ಯಾವಾಗ?"

"ನೀನು ನಾಲ್ಕನೆಯಲ್ಲಿ ಇದ್ದಿ."

"ಆಗ ಅಮ್ಮ ಇದ್ದಳಲ್ಲ."

ಅವಳು ಬಟ್ಟೆಯ ಚೀಲ ಎತ್ತಿಕೊಂಡಳು. ಬಸ್‌ಸ್ಟ್ಯಾಂಡಿನವರೆಗೆ ಬರುತ್ತೇನೆ ಎಂದೆ. "ಬೇಡ" ಎಂದಳು. ಯಾವಾಗಲೂ ಮೂರು ಸಲ ತಿರುಗಿ ಕೈ ಬೀಸುವವಳು ತಿರುಗಲಿಲ್ಲ.

ಮಂಗಳವಾರ ತಂಗಿಯ ಗಂಡನಿಗೆ ನಾನೇ ಫೋನ್ ಮಾಡಿದೆ. ಮಗಳು ಕೊನೆಯ ಗಳಿಗೆಯಲ್ಲಿ ಫಾರ್ಮ್ ಬದಲಿಸಿ ಲೆಕ್ಕವನ್ನೇ ತೆಗೆದುಕೊಂಡಳು, ಯಾಕೆಂದು ಕೇಳಿದರೆ ಹೇಳುವುದಿಲ್ಲ ಎಂದರು. ನನ್ನ ವಿಷಯ ಅವಳು ಅವರಿಗೆ ಏನೂ ಹೇಳಿರಲಿಲ್ಲ. ಫೋನ್ ಸ್ವಲ್ಪ ಅವಳಿಗೆ ಕೊಡಿ ಎಂದೆ. ಅವರು ಫೋನ್ ಹಿಡಿದುಕೊಂಡು ಒಳಗೆ ಹೋದದ್ದು ಕೇಳಿಸಿತು. ಏನೋ ಮೆಲ್ಲಗೆ ಮಾತಾಡಿದ್ದು ಕೇಳಿಸಿತು... ತಿರುಗಿ ಬಂದರು.

"ಓದ್ತಾ ಇದ್ದಾಳೆ, ಮತ್ತೆ ಫೋನ್ ಮಾಡ್ತಾಳಂತೆ" ಎಂದರು.

ಕಾಲೇಜು ಶುರುವಾಗಲಿಕ್ಕೆ ಇನ್ನೂ ಹದಿನೈದು ದಿನ ಇತ್ತು, ಓದಲಿಕ್ಕೆ ಪುಸ್ತಕವೂ ಬಂದಿರಲಿಕ್ಕಿಲ್ಲ.